ಸೋತವನ ಹಿರಿಮೆ

ಚದುರಂಗದ ಹಲಗೆಯಲ್ಲಿ ಅರವತ್ತನಾಲ್ಕು ಮನೆಗಳಿವೆ. ಅವುಗಳಲ್ಲಿ ಯಾವುದೂ ಆಟಗಾರನ ವಯಸ್ಸನ್ನು ಕೇಳುವುದಿಲ್ಲ. ಅವನು ಗಳಿಸಿದ ಬಿರುದುಗಳನ್ನೂ ಕೇಳುವುದಿಲ್ಲ. ಕಿರಿಯನ ಕಾಲಾಳು ಹಿರಿಯನ ಕಾಲಾಳಿನಷ್ಟೇ ನಡೆಯುತ್ತದೆ. ಆದರೂ ಎಳೆಯನೊಬ್ಬನು ಹೆಸರಾಂತ ಆಟಗಾರನ ಎದುರು ಕುಳಿತಾಗ, ನೋಡುವವರ ಮನಸ್ಸು ಆಟಕ್ಕೆ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ.

1956ರ ಅಕ್ಟೋಬರ್ 17ರಂದು ನ್ಯೂಯಾರ್ಕಿನ ಮಾರ್ಷಲ್ ಚೆಸ್ ಕ್ಲಬ್ಬಿನಲ್ಲಿ ಅಂತಹದೊಂದು ಜೋಡಿ ಎದುರುಬದುರಾಗಿ ಕುಳಿತಿತ್ತು. ಬಿಳಿಯ ಕಾಯಿಗಳ ಹಿಂದೆ ಇಪ್ಪತ್ತಾರು ವರ್ಷದ ಡೊನಾಲ್ಡ್ ಬೈರ್ನ್. 1953ರಲ್ಲಿ ಅಮೆರಿಕದ ಮುಕ್ತ ಪಂದ್ಯಾವಳಿಯನ್ನು ಗೆದ್ದಿದ್ದ ಅವನು ದೇಶದ ಅಗ್ರಗಣ್ಯರಲ್ಲಿ ಒಬ್ಬನು. ಕಪ್ಪು ಕಾಯಿಗಳ ಹಿಂದೆ ಹದಿಮೂರು ವರ್ಷದ ಬಾಬಿ ಫಿಷರ್. ಆ ವರ್ಷವಷ್ಟೇ ಕಿರಿಯರ ಪ್ರಶಸ್ತಿಯನ್ನು ಪಡೆದು ಹಿರಿಯರ ಪಂಕ್ತಿಗೆ ಬಂದಿದ್ದ ಶಾಲಾಬಾಲಕ.

ಬೈರ್ನನು ತನ್ನ ರಾಜನನ್ನು ಕೋಟೆಯೊಳಗೆ ಸೇರಿಸದೆ ಕಾಲ ಕಳೆದನು. ಬಾಲಕನ ಕಣ್ಣು ಆ ಸಡಿಲವನ್ನು ಗುರುತಿಸಿತು. 11ನೆಯ ನಡೆಯಲ್ಲಿ ಅವನು ಕುದುರೆಯೊಂದನ್ನು ಎದುರಾಳಿಯ ಬಾಯಿಗೇ ಒಡ್ಡಿದನು. ತಿಂದರೆ ಕೇಡೆಂದು ಅರಿತ ಬೈರ್ನನು ಅದನ್ನು ಮುಟ್ಟಲಿಲ್ಲ. 17ನೆಯ ನಡೆಯ ಹೊತ್ತಿಗೆ ಬಾಲಕನ ಮಂತ್ರಿಗೇ ಅಪಾಯ ಒದಗಿತ್ತು. ಅವನು ಮಂತ್ರಿಯನ್ನು ಉಳಿಸಿಕೊಳ್ಳಲಿಲ್ಲ, ಒಂಟೆಯನ್ನು ನಡೆಸಿದನು. ಬೈರ್ನನು ಮಂತ್ರಿಯನ್ನು ಹೊಡೆದನು. ಆಗ ಕಪ್ಪು ಒಂಟೆಯೂ ಕುದುರೆಯೂ ಕೂಡಿ ಶಹದ ಮೇಲೆ ಶಹ ಕೊಡತೊಡಗಿದವು. ಬಿಳಿಯ ರಾಜನು ಮಗ್ಗದ ಲಾಳಿಯಂತೆ ಎರಡು ಮನೆಗಳ ನಡುವೆ ಓಡಾಡಿದನು. ಕಳೆದುಕೊಂಡ ಮಂತ್ರಿಗೆ ಪ್ರತಿಯಾಗಿ ಒಂದು ಆನೆ, ಎರಡು ಒಂಟೆ, ಒಂದು ಕಾಲಾಳು ಬಾಲಕನ ವಶವಾದವು.

ಸೋಲು ಖಚಿತವಾದೊಡನೆ ಆಟವನ್ನು ಬಿಟ್ಟುಕೊಡುವುದು ಪ್ರವೀಣರ ವಾಡಿಕೆ. ಬೈರ್ನನು ಹಾಗೆ ಎದ್ದುಹೋಗಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಅವನು ಏಳಲಿಲ್ಲ. ಇಷ್ಟು ಸೊಗಸಾಗಿ ಆಡಿದ ಹುಡುಗನಿಗೆ ಆಟವನ್ನು ಮುಗಿಸುವ ಸಂತೋಷವೂ ದೊರೆಯಲೆಂದು ಕಾಯಿಗಳನ್ನು ನಡೆಸುತ್ತಲೇ ಇದ್ದನು. 41ನೆಯ ನಡೆಯಲ್ಲಿ ಕಪ್ಪು ಆನೆ ಬಂದು ಅವನ ರಾಜನನ್ನು ಕಟ್ಟಿಹಾಕಿತು. ಬಿಳಿಯ ಮಂತ್ರಿ ಹಲಗೆಯ ದೂರದ ಅಂಚಿನಲ್ಲಿ ನಿಂತು ನೋಡುವಂತಾಯಿತು.

ಆ ಪಂದ್ಯಾವಳಿಯ ಪ್ರಶಸ್ತಿ ಸ್ಯಾಮ್ಯುಯೆಲ್ ರೆಶೆವ್ಸ್ಕಿಗೆ ಸಂದಿತು. ಬಾಲಕನ ಸ್ಥಾನ ಎಷ್ಟೋ ಕೆಳಗಿತ್ತು. ಆದರೆ ಹಾನ್ಸ್ ಕ್ಮೋಕ್ ಎಂಬ ವಿಮರ್ಶಕನು ಈ ಒಂದು ಆಟವನ್ನು ‘ಶತಮಾನದ ಆಟ’ವೆಂದು ಕರೆದನು. 1972ರಲ್ಲಿ ಫಿಷರ್ ವಿಶ್ವವಿಜೇತನಾದನು. ಇಂದಿಗೂ ಆ ಆಟವನ್ನು ಅಚ್ಚುಮಾಡುವವರು ಅದನ್ನು ಕೊನೆಯ ನಡೆಯವರೆಗೆ ಅಚ್ಚುಮಾಡುತ್ತಾರೆ. ಅಲ್ಲಿಯವರೆಗೆ ಅದು ಬೆಳೆದದ್ದು ಸೋತವನ ಔದಾರ್ಯದಿಂದ. ಗೆಲ್ಲುವುದಕ್ಕೆ ಬುದ್ಧಿ ಬೇಕು. ಹೀಗೆ ಸೋಲುವುದಕ್ಕೆ ದೊಡ್ಡ ಮನಸ್ಸು ಬೇಕು.