ಕೆನ್ನೆಯ ಬಿಳಿ ಮಚ್ಚೆ



ಪಾಠಪರೀಕ್ಷೆಗಳ ಸಮಾಚಾರವನ್ನು ಬಿಟ್ಟು ಈ ಸಾರಿ ಚರ್ಮದ ವಿಷಯವನ್ನೆತ್ತಿಕೊಳ್ಳಲು ಕಾರಣವುಂಟು. ಹುಡುಗಿಯೊಬ್ಬಳ ಕೆನ್ನೆಯಲ್ಲಿ ಬಿಳುಪಾದ ಮಚ್ಚೆ ತೋರಿತೆಂದರೆ ಒಬ್ಬರು ಹೊಟ್ಟೆಯ ಹುಳುವೆನ್ನುವರು, ಇನ್ನೊಬ್ಬರು ತೊನ್ನೆನ್ನುವರು, ಮತ್ತೊಬ್ಬರು ಕುಷ್ಠವೆಂದು ಪಿಸುಗುಟ್ಟುವರು. ಬೆಂಚಿನಲ್ಲಿ ಒತ್ತಿಗೆ ಕೂಡುತ್ತಿದ್ದವಳು ಮರುದಿನವೇ ಸರಿದು ಕೂಡುವಳು. ಮಚ್ಚೆ ಹಬ್ಬುವುದಕ್ಕೆ ಮೊದಲೇ ಮಾತು ಹಬ್ಬಿರುವುದು.

ಬರಿಗಣ್ಣಿಗೆ ಇವು ಒಂದರಂತೊಂದು ಕಾಣುವುದೇ ಈ ಅನರ್ಥಕ್ಕೆ ಮೂಲ. ಅಮೇರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ಡರು ೧೯೦೩ರಲ್ಲಿ, ಕಾಣುವ ಬೆಳಕನ್ನು ತಡೆದು ನೇರಳಾತೀತ ಕಿರಣಗಳನ್ನು ಹಾಯಗೊಡುವ ಸೋಸುಗಾಜನ್ನು ರಚಿಸಿದರು. ೧೯೨೫ರಲ್ಲಿ ಅಂತಹ ದೀಪದಿಂದ ಕೂದಲಿಗೆ ತಗಲುವ ಬೂಷ್ಟುರೋಗವನ್ನು ಗುರುತಿಸತೊಡಗಿದರು. ಕತ್ತಲೆಕೋಣೆಯಲ್ಲಿ ಈ ದೀಪವನ್ನು ಹಿಡಿದರೆ ತೊನ್ನಿನ ಮಚ್ಚೆ ಸೀಮೆಸುಣ್ಣದಂತೆ ಬೆಳ್ಳಗೆ, ಅಂಚು ಸ್ಪಷ್ಟವಾಗಿ ಹೊಳೆಯುವುದು. ಅಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವೇ ಇಲ್ಲದಿರುವುದು ಕಾರಣ. ಮಕ್ಕಳಲ್ಲಿ ಸಾಮಾನ್ಯವಾದ ಒಣಮಚ್ಚೆಗೆ ಅಂತಹ ಹೊಳಪಿಲ್ಲ. ಕುಷ್ಠವನ್ನು ಮಾತ್ರ ದೀಪವು ನಿರ್ಣಯಿಸಲಾರದು. ಮಚ್ಚೆಯಲ್ಲಿ ಸ್ಪರ್ಶಜ್ಞಾನವುಂಟೇ ಎಂದು ವೈದ್ಯರು ಹತ್ತಿಯ ಎಳೆಯಿಂದ ಮುಟ್ಟಿ ನೋಡುವರು.

ಒಂದು ಬಗೆಯ ಬೆಳಕಿನಿಂದ ಇಷ್ಟಾದರೆ ಹಲವು ಬಗೆಗಳಿಂದ ಎಷ್ಟಾಗಬಾರದು? ಬಹುವರ್ಣಪಟಲ ಛಾಯಾಗ್ರಹಣದ ತತ್ತ್ವವಿದೇ. ಚರ್ಮದ ಒಂದೇ ಸ್ಥಳವನ್ನು ನೀಲಿ, ಹಸಿರು, ಕೆಂಪು, ಅವಕೆಂಪು ಬೆಳಕುಗಳಲ್ಲಿ ಬೇರೆಬೇರೆಯಾಗಿ ಚಿತ್ರಿಸುವರು. ನೀಲಿಯು ಮೇಲ್ಪದರದಲ್ಲೇ ನಿಲ್ಲುವುದು. ಕೆಂಪೂ ಅವಕೆಂಪೂ ಆಳಕ್ಕಿಳಿಯುವುವು. ಹಸಿರನ್ನು ರಕ್ತವು ಬಹಳವಾಗಿ ಹೀರುವುದು. ಚಿತ್ರಗಳನ್ನು ಹೋಲಿಸಿದರೆ ಬಣ್ಣವೆಷ್ಟು, ರಕ್ತವೆಷ್ಟು, ಯಾವ ಆಳದಲ್ಲಿ ಎಂಬುದು ಬೇರ್ಪಡುವುದು.

ಹತ್ತು ಬೆಳಕುಗಳ ಮೆಲಾಫೈಂಡ್ ಎಂಬ ಯಂತ್ರಕ್ಕೆ ಅಮೇರಿಕದ ಸರಕಾರವು ೨೦೧೧ರಲ್ಲಿ ಅನುಮತಿಯಿತ್ತಿತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರನ್ನು ಶಂಕಿಸುವಲ್ಲಿ ವೈದ್ಯರಿಗೆ ಅದು ನೆರವಾಗಬೇಕಾಗಿತ್ತು. ೨೦೧೭ರಲ್ಲಿ ಅದು ಬಳಕೆಯಿಂದ ಹೋಯಿತು. ಅಂಗೈ, ಅಂಗಾಲು, ಉಗುರಿನಡಿಗಳಿಗೆ ಆ ಯಂತ್ರ ಸಲ್ಲುತ್ತಿರಲಿಲ್ಲ. ನಮ್ಮಂತಹ ಕಂದುಬಣ್ಣದವರಿಗಾದರೋ ಆ ವ್ಯಾಧಿ ಹೆಚ್ಚಾಗಿ ಹುಟ್ಟುವುದು ಅಲ್ಲಿಯೇ! ಯಾರ ಚರ್ಮವನ್ನು ಮನಸ್ಸಿನಲ್ಲಿಟ್ಟು ಯಂತ್ರ ಕಟ್ಟಿದರೆಂದು ಕೇಳುವ ಹುಡುಗಿಯೊಬ್ಬಳು ನಮ್ಮ ವಿಜ್ಞಾನದ ತರಗತಿಯಿಂದ ಹೊರಟರೆ ನನಗೆ ಪ್ರಥಮ ದರ್ಜೆಗಿಂತ ಹೆಚ್ಚಿನ ಸಂತೋಷ.

ತೊನ್ನು ಅಂಟುರೋಗವಲ್ಲ. ಕುಷ್ಠಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು ೧೯೮೧ರಲ್ಲಿ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ ಗುಣವುಂಟು. ಆದುದರಿಂದ ಮಚ್ಚೆಯುಳ್ಳ ಮಗಳನ್ನು ಮನೆಯಲ್ಲಿ ಅಡಗಿಸದೆ ಚರ್ಮವೈದ್ಯರಲ್ಲಿಗೆ ಕರೆದೊಯ್ಯಿರಿ. ದೀಪದ ಪರೀಕ್ಷೆಗೆ ಹೋಗುವ ದಿನ ಮುಖಕ್ಕೆ ಪೌಡರು, ಮುಲಾಮು ಏನನ್ನೂ ಹಚ್ಚಬೇಡಿರಿ. ಅವುಗಳಲ್ಲಿ ಕೆಲವು ತಾವೇ ಹೊಳೆದು ವೈದ್ಯರ ಕಣ್ಣನ್ನು ತಪ್ಪಿಸುವುವು.