ಚಿತ್ರದ ಅಂಚಿನಲ್ಲಿ ನಿಂತವನು

ಕೆಲವು ವರ್ಷಗಳ ಹಿಂದೆ ಮಗನ ಮನೆಗೆಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಹೋಗಿದ್ದೆ. ಒಂದು ದಿನ ಪೇಟೆಯಲ್ಲಿ ನಡೆಯುವಾಗ ಮೊಮ್ಮಗಳು ಫಲಕಗಳನ್ನು ಓದುತ್ತಾ, "ತಾತ, ಇದು ಗ್ಲಾಸ್‌ಫರ್ಡ್ ಬೀದಿ, ಆ ಕಡೆಯದು ವರ್ಜೀನಿಯಾ ಬೀದಿ. ವರ್ಜೀನಿಯಾ ಇರೋದು ಅಮೆರಿಕದಲ್ಲಿ ಅಲ್ವಾ?" ಎಂದಳು.

ಮಕ್ಕಳೇ, ಆ ಎರಡು ಹೆಸರುಗಳನ್ನು ಬೆಸೆದದ್ದು ಹೊಗೆಸೊಪ್ಪು. ನನ್ನಜ್ಜಿಯ ಎಲೆಯಡಿಕೆ ಚೀಲದಲ್ಲಿ ಇರುತ್ತಿತ್ತಲ್ಲ, ಅದೇ!

1707ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿನೊಡನೆ ಒಂದಾದ ಮೇಲೆ ಇಲ್ಲಿನ ವರ್ತಕರಿಗೆ ಅಮೆರಿಕದ ವಸಾಹತುಗಳ ವ್ಯಾಪಾರದ ಬಾಗಿಲು ತೆರೆಯಿತು. ಬಟ್ಟೆ, ಕಬ್ಬಿಣದ ಸಾಮಾನು ತುಂಬಿಕೊಂಡು ಹೊರಟ ಹಡಗುಗಳು ಪೀಪಾಯಿಗಟ್ಟಲೆ ಹೊಗೆಸೊಪ್ಪು ಹೊತ್ತು ಮರಳುತ್ತಿದ್ದವು. ಅದರಲ್ಲಿ ಬಹುಪಾಲು ಮತ್ತೆ ಫ್ರಾನ್ಸ್ ಮೊದಲಾದ ದೇಶಗಳಿಗೆ ಹೋಗುತ್ತಿತ್ತು. ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲಿ ಇವರ ಅಂಗಡಿಗಳಿದ್ದವು. ಬೆಳೆಗಾರರಿಗೆ ಸಾಮಾನು ಸಾಲ ಕೊಟ್ಟು, ಬೆಳೆ ಬಂದಾಗ ಹೊಗೆಸೊಪ್ಪಿನಲ್ಲೇ ವಸೂಲಿ ಮಾಡುತ್ತಿದ್ದರು. ಇಂಥ ವರ್ತಕರಲ್ಲಿ ದೊಡ್ಡ ಕುಳ ಜಾನ್ ಗ್ಲಾಸ್‌ಫರ್ಡ್.

ಆತನ ಕುಟುಂಬದ ದೊಡ್ಡ ಚಿತ್ರವನ್ನು ಪೀಪಲ್ಸ್ ಪ್ಯಾಲೇಸ್ ಎಂಬ ವಸ್ತುಸಂಗ್ರಹಾಲಯದಲ್ಲಿ ನೋಡಿದೆವು. 1767ರ ಸುಮಾರಿಗೆ ಆರ್ಚಿಬಾಲ್ಡ್ ಮೆಕ್‌ಲಾಕ್ಲನ್ ಬರೆದದ್ದು. ಬೆಲೆಬಾಳುವ ಉಡುಪಿನಲ್ಲಿ ಗಂಡ, ಹೆಂಡತಿ, ಮಕ್ಕಳು. ನಾನು ತಲೆ ಎಣಿಸಿ ಮುಗಿಸಿದೆ.

"ಒಬ್ಬರನ್ನ ಬಿಟ್ರಿ, ತಾತ" ಎಂದಳು ಮೊಮ್ಮಗಳು.

ಅವಳು ತೋರಿಸಿದ ಕಡೆ ಕಣ್ಣು ಕಿರಿದಾಗಿಸಿ ನೋಡಿದೆ. ಎಡ ಅಂಚಿನಲ್ಲಿ, ಕುಟುಂಬದ ಹಿಂದೆ, ಮಬ್ಬಿನಲ್ಲಿ ಒಬ್ಬ ಕಪ್ಪು ಸೇವಕ ನಿಂತಿದ್ದ. ಯಾರೋ ಬೇಕೆಂದೇ ಅವನ ಮೇಲೆ ಬಣ್ಣ ಬಳಿದು ಅಳಿಸಿದ್ದಾರೆ ಎಂದು ಬಹುಕಾಲ ಜನ ನಂಬಿದ್ದರಂತೆ. ಚಿತ್ರವನ್ನು ಶುಚಿಗೊಳಿಸಿದಾಗ ತಿಳಿಯಿತು: ಅಳಿಸಿರಲಿಲ್ಲ, ಕೊಳೆ ಕೂತು ಮಸುಕಾಗಿದ್ದ.

"ಇವನ ಹೆಸರೇನು?"

ಗೊತ್ತಿಲ್ಲ ಎಂದೆ. ಆಫ್ರಿಕಾದಿಂದ ಹಿಡಿದು ತಂದ ಜನರನ್ನೂ ಅವರ ಮಕ್ಕಳನ್ನೂ ಗುಲಾಮರನ್ನಾಗಿ ಹೊಲಗಳಲ್ಲಿ ದುಡಿಸಿದ್ದರಿಂದಲೇ ಆ ಹೊಗೆಸೊಪ್ಪು ಬೆಳೆಯುತ್ತಿತ್ತು, ಕೂಲಿ ಕೊಡುತ್ತಿರಲಿಲ್ಲ ಎಂದೂ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ.

1775ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾಗಿ ಈ ವ್ಯಾಪಾರ ಮುರಿಯಿತು. ಗ್ಲಾಸ್‌ಫರ್ಡ್ 1783ರಲ್ಲಿ ದೊಡ್ಡ ಸಾಲ ಬಿಟ್ಟು ತೀರಿಕೊಂಡ. ಆದರೂ ಹೆಸರು ಬೀದಿಯಲ್ಲಿ ಉಳಿಯಿತು.

ಮನೆಗೆ ಬಂದು ಮೊಮ್ಮಗಳು ಆ ಚಿತ್ರವನ್ನು ತನ್ನ ಪುಸ್ತಕದಲ್ಲಿ ಬರೆದಳು. ಎಲ್ಲರಿಗಿಂತ ಮೊದಲು ಬರೆದದ್ದು ಎಡ ಅಂಚಿನವನನ್ನು. ಅವನ ಕೆಳಗೆ ಹೆಸರಿಗೆಂದು ಒಂದು ಗೆರೆ ಎಳೆದು, ಖಾಲಿ ಬಿಟ್ಟಿದ್ದಳು.