ಗಾಡಿ ನಿಂತ ಇರುಳು



ರೈಲು ಪ್ರಯಾಣದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಪ್ರತಿಯೊಬ್ಬರಿಗೂ ಹೇಳಿಕೊಳ್ಳಲು ಏನಾದರೊಂದು ಇದ್ದೇ ಇರುತ್ತದೆ. ಗಾಡಿ ತಡವಾಯಿತು, ಕುಳಿತುಕೊಳ್ಳಲು ಜಾಗ ದೊರೆಯಲಿಲ್ಲ, ನಲ್ಲಿಯಲ್ಲಿ ನೀರಿರಲಿಲ್ಲ, ಕೇಳಿದರೆ ಉತ್ತರಿಸುವವರಿಲ್ಲ. ಇವು ನಿತ್ಯದ ದೂರುಗಳು. ನಾನೂ ಒಮ್ಮೆ ಅಂಥದೊಂದು ದೂರನ್ನು ಬರೆದೆ. ಬರೆದು ಐದು ದಶಕಗಳಾಗುತ್ತ ಬಂದವು. ಅದರ ವಿಚಾರವನ್ನೇ ಇಂದು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ. ಅದರಲ್ಲಿ ನಾನು ಬರೆದ ಒಂದೊಂದು ಅಕ್ಷರವೂ ನಿಜವಾಗಿತ್ತು. ಆದರೂ ಅದನ್ನು ನಾನು ಬರೆಯಬಾರದಾಗಿತ್ತು.

ಶಿವಮೊಗ್ಗೆಯ ರೈಲು ಮಾರ್ಗವನ್ನು ತಾವು ಬಲ್ಲಿರಿ. ಬೀರೂರಿನಿಂದ ತರೀಕೆರೆ, ಭದ್ರಾವತಿಗಳ ಮೇಲೆ ಶಿವಮೊಗ್ಗೆಗೆ ಮೀಟರ್ ಗೇಜ್ ಹಳಿ ಬಂದುದು 1899ರಲ್ಲಿ. ಆಗ ಭದ್ರಾವತಿ ಇನ್ನೂ ಬೆಂಕಿಪುರವೆಂಬ ಚಿಕ್ಕ ಊರು. ಅಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದುದು 1923ರಲ್ಲಿ. ಮುಂದೆ 1930ರ ದಶಕದಲ್ಲಿ ಹಳಿ ಹಂತಹಂತವಾಗಿ ಕುಂಸಿ, ಅರಸಾಳು, ಆನಂದಪುರ, ಸಾಗರಗಳನ್ನು ಹಾದು, 1940ರಲ್ಲಿ ಜೋಗದ ಸಮೀಪದ ತಾಳಗುಪ್ಪವನ್ನು ಮುಟ್ಟಿತು. ದಟ್ಟ ಕಾಡಿನ ನಡುವೆ ಒಂಟಿ ಹಳಿಯ ಮೇಲೆ ಸಾವಕಾಶವಾಗಿ ಸಾಗುತ್ತಿದ್ದ ಆ ಗಾಡಿಯಲ್ಲಿ ಪಾಠಶಾಲೆಗೆಂದು, ವಿದ್ಯಾರ್ಥಿನಿಲಯಕ್ಕೆಂದು, ಜಾತ್ರೆಗೆಂದು ಟ್ರಂಕು ಹೊತ್ತು ಹೋಗಿ ಬಂದವರು ತಮ್ಮಲ್ಲಿಯೂ ಅನೇಕರಿರಬಹುದು.

1970ರ ದಶಕದ ಒಂದು ಆಷಾಢ. ನಾನಾಗ ಸಾಗರದಲ್ಲಿ ಹೊಸದಾಗಿ ಉಪಾಧ್ಯಾಯ ವೃತ್ತಿಗೆ ಸೇರಿದ್ದೆ. ನಮ್ಮ ತಾಯಿಯವರು ಕಾಯಿಲೆಯಿಂದ ಶಿವಮೊಗ್ಗೆಯ ಆಸ್ಪತ್ರೆಯಲ್ಲಿದ್ದರು. ಮಧ್ಯಾಹ್ನ ತಂತಿ ಬಂದಿತು: “ಕೂಡಲೆ ಹೊರಟು ಬಾ.” ಮಳೆಗೆ ರಸ್ತೆ ಕೆಟ್ಟು ಬಸ್ಸಿನ ಸಂಚಾರ ನಿಂತಿತ್ತು. ಸಂಜೆಯ ಗಾಡಿಯನ್ನು ಹಿಡಿದೆ. ಆನಂದಪುರ ದಾಟಿತು, ಅರಸಾಳು ದಾಟಿತು. ಇನ್ನೇನು ಒಂದು ಗಂಟೆಯೊಳಗೆ ತಾಯಿಯ ಮುಖ ನೋಡುವೆನೆಂದುಕೊಳ್ಳುತ್ತಿರುವಾಗ ಗಾಡಿಯ ಕೆಳಗೆಲ್ಲೋ ಢಂ ಢಂ ಎಂದು ಸದ್ದಾಯಿತು. ಸಿಡಿಲೆಂದು ಭಾವಿಸಿದೆ. ಗಾಡಿ ಕಿರುಗುಟ್ಟುತ್ತ ಕಾಡಿನ ನಡುವೆ ನಿಂತುಬಿಟ್ಟಿತು.

ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಹೊರಗೆ ಕಗ್ಗತ್ತಲೆ, ಬಿರುಮಳೆ. ಕಂಬಳಿಕೊಪ್ಪೆ ಹೊದ್ದು ಕಂದೀಲು ಹಿಡಿದ ಒಬ್ಬಾತ ನಮ್ಮ ಬೋಗಿಯ ಪಕ್ಕದಲ್ಲಿ ಗಾರ್ಡಿನ ಡಬ್ಬಿಯತ್ತ ನಡೆದುಹೋಗುತ್ತಿದ್ದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿಗೆ ಬಂದಂತೆ ಬೈದೆ. ಅಕ್ಷರ ಕಲಿಸುವವನ ಬಾಯಿಂದ ಬರಬಾರದ ಮಾತುಗಳು ಬಂದವು. ಆತ ಕಂದೀಲನ್ನು ಕೊಂಚ ಮೇಲೆತ್ತಿ ನನ್ನ ಮುಖ ನೋಡಿ, “ಸ್ವಲ್ಪ ತಾಳ್ಕೊಳ್ಳಿ ಸ್ವಾಮಿ, ಮರ ಬಿದ್ದೈತೆ” ಎಂದಷ್ಟೇ ಹೇಳಿ ಮುಂದೆ ಹೋದ.

ಗಾಡಿ ಶಿವಮೊಗ್ಗೆ ಸೇರಿದಾಗ ಮೂರು ಗಂಟೆ ತಡವಾಗಿತ್ತು. ನಾನು ಆಸ್ಪತ್ರೆಗೆ ಓಡಿದೆ. ತಾಯಿಯವರು ಹೋಗಿ ಒಂದು ಗಂಟೆಯಾಗಿತ್ತು. ಕೊನೆಯವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದರೆಂದು ಅಕ್ಕ ಹೇಳಿದಳು.

ಕರ್ಮಾಂತರಗಳು ಮುಗಿದ ಮೇಲೆ ನಿಲ್ದಾಣಕ್ಕೆ ಹೋಗಿ ದೂರು ಪುಸ್ತಕವನ್ನು ಕೇಳಿ ಪಡೆದು ಒಂದು ಪುಟ ತುಂಬ ಬರೆದೆ. ಗಾಡಿ ತಡವಾದುದು, ಯಾರೂ ಸರಿಯಾಗಿ ಕಾರಣ ತಿಳಿಸದಿದ್ದುದು, ಆ ತಡದಿಂದ ನನಗಾದ ನಷ್ಟ, ಎಲ್ಲವನ್ನೂ ಬರೆದೆ. ಕಂದೀಲು ಹಿಡಿದವನ ‘ಉಡಾಫೆ’ಯನ್ನೂ ಸೇರಿಸಿದೆ. ಹಲವು ವರ್ಷ ರೈಲಿನ ಹೆಸರೆತ್ತಿದರೆ ನನಗೆ ಕಹಿಯಾಗುತ್ತಿತ್ತು.

ನಿವೃತ್ತನಾಗಿ ಭದ್ರಾವತಿಯಲ್ಲಿ ನೆಲೆಸಿದ ಮೇಲೆ ನಮ್ಮ ಬೀದಿಯಲ್ಲಿಯೇ ವಾಸವಾಗಿದ್ದ ವೃದ್ಧರೊಬ್ಬರ ಪರಿಚಯವಾಯಿತು. ಅವರು ಗ್ಯಾಂಗ್‌ಮನ್ ಆಗಿ ಹಳಿಯ ಮೇಲೆಯೇ ಆಯುಷ್ಯ ಕಳೆದವರು. ಒಂದು ಮಳೆಗಾಲದ ಸಂಜೆ ಜಗಲಿಯಲ್ಲಿ ಕುಳಿತಿದ್ದಾಗ ಆ ರಾತ್ರಿಯ ಕಥೆಯನ್ನು ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: “ಮೇಷ್ಟ್ರೇ, ಗಾಡಿ ನಿಲ್ಲೋ ಮುಂಚೆ ಢಂ ಅಂತ ಸದ್ದು ಬಂತು ಅಂದ್ರಲ್ಲ, ಅದು ಸಿಡಿಲಲ್ಲ. ಅವನು ಹಳಿ ಮೇಲೆ ಕಟ್ಟಿದ ಪಟಾಕಿ.”

ಆಮೇಲೆ ಅವರು ವಿವರಿಸಿದುದನ್ನು ತಾವೂ ಕೇಳಬೇಕು. ಮಳೆಗಾಲದ ರಾತ್ರಿಗಳಲ್ಲಿ ಹಳಿಯನ್ನು ಕಾಯಲು ಗಸ್ತಿನವರಿರುತ್ತಾರೆ. ಒಬ್ಬೊಬ್ಬರಿಗೂ ಇಷ್ಟು ದೂರವೆಂದು ಹಂಚಿಕೆ. ಕಂದೀಲು, ಕೆಂಪು ಬಾವುಟ, ಸಿಳ್ಳೆ, ಪಟಾಕಿಗಳ ಡಬ್ಬಿ, ಒಂದು ಗಸ್ತಿನ ಪುಸ್ತಕ ಇಷ್ಟೇ ಅವರ ಆಸ್ತಿ. ತನ್ನ ಗಡಿಯ ಕೊನೆಯಲ್ಲಿ ಎದುರಿನಿಂದ ಬಂದ ಗಸ್ತಿನವನೊಡನೆ ಪುಸ್ತಕವನ್ನು ಬದಲಾಯಿಸಿಕೊಂಡು ಹಿಂದಿರುಗಬೇಕು. ಹೀಗಾಗಿ ಯಾವನೂ ಅರ್ಧ ದಾರಿಯಲ್ಲಿ ಮಲಗುವಂತಿಲ್ಲ. ಮರ ಉರುಳಿದೆ, ಮಣ್ಣು ಕುಸಿದಿದೆ, ಹಳಿಯ ಕೆಳಗಿನ ಜಲ್ಲಿ ಕೊಚ್ಚಿಹೋಗಿದೆ ಎಂದು ಕಂಡೊಡನೆ ಗಾಡಿ ಬರುವ ದಿಕ್ಕಿಗೆ ಓಡಬೇಕು. ಸಾಕಷ್ಟು ದೂರ ಓಡಿ ಹಳಿಯ ಮೇಲೆ ಪಟಾಕಿಗಳನ್ನು ಸಾಲಾಗಿ ಬಿಗಿಯಬೇಕು. ಮಳೆಯ ಪರದೆಯಲ್ಲಿ ಚಾಲಕನಿಗೆ ಕೆಂಪು ದೀಪ ಕಾಣದೆ ಹೋಗಬಹುದು. ಚಕ್ರದ ಕೆಳಗೆ ಸಿಡಿದ ಸದ್ದು ಕೇಳದೆ ಇರಲಾರದು.

“ಗಾಡಿ ನಿಂತದ್ದು ನಿಮಗೆ ತಡ ಮೇಷ್ಟ್ರೇ. ಅವನಿಗೆ ಅದು ನಿಂತದ್ದೇ ಹೋದ ಜೀವ ಬಂದ ಹಾಗೆ” ಎಂದರು ಆ ಹಿರಿಯರು.

ವಾಚಕರೇ, ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಗಾಡಿ ನಿಲ್ಲದೆ ಹೋಗಿದ್ದರೂ ನಾನು ತಾಯಿಯ ಮುಖವನ್ನು ನೋಡುತ್ತಿರಲಿಲ್ಲ. ಆಸ್ಪತ್ರೆಯ ಮುಂದೆ ಅಕ್ಕ ಎರಡು ಶವಗಳನ್ನು ಎದುರು ನೋಡಬೇಕಾಗುತ್ತಿತ್ತೋ ಏನೋ. ನಾನು ಬೈದುದು ಆ ಗಾಡಿಯಲ್ಲಿದ್ದ ಎಲ್ಲರನ್ನೂ ಕಾಪಾಡಿದವನನ್ನು. ಅವನ ಹೆಸರೇನು, ಊರು ಯಾವುದು, ನಾನು ಕೇಳಲಿಲ್ಲ. ಈಗ ಕೇಳುವುದಕ್ಕೆ ದಾರಿಯೂ ಇಲ್ಲ.

ಗಸ್ತು ತಪ್ಪಿದರೆ, ಅಥವಾ ಗಸ್ತಿನವನ ಕಣ್ಣಿಗೂ ಬೀಳದಂತೆ ನೆಲ ಕುಸಿದರೆ ಏನಾಗುತ್ತದೆಂಬುದಕ್ಕೆ ಇತಿಹಾಸವೇ ಸಾಕ್ಷಿ. 1956ರ ನವೆಂಬರಿನಲ್ಲಿ ತಮಿಳು ನಾಡಿನ ಅರಿಯಲೂರಿನ ಬಳಿ ಪ್ರವಾಹಕ್ಕೆ ಸಿಕ್ಕ ಸೇತುವೆಯಲ್ಲಿ ಗಾಡಿ ಉರುಳಿ ನೂರಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸಚಿವರಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರು ನೈತಿಕ ಹೊಣೆ ಹೊತ್ತು ಪದವಿಯನ್ನು ತ್ಯಜಿಸಿದರು. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಜಿಲ್ಲೆಯಲ್ಲಿ ಮೂರು ಗಾಡಿಗಳು ಸಿಕ್ಕಿಹಾಕಿಕೊಂಡು ಸುಮಾರು 290 ಮಂದಿ ಅಸುನೀಗಿದರು. ಸಿಗ್ನಲ್ ತಂತಿಗಳನ್ನು ಮಾರ್ಪಡಿಸುವ ಕೆಲಸದಲ್ಲಿ ಆದ ಲೋಪವೇ ಕಾರಣವೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಆ ಗಾಡಿಗಳಲ್ಲಿ ಒಂದೂ ತನ್ನ ವೇಗಕ್ಕೆ ತಕ್ಕ ಹೊಸತನದಲ್ಲಿ ಹಿಂದೆ ಬಿದ್ದಿರಲಿಲ್ಲ. ಪ್ರಯಾಣಿಕರ ಕಣ್ಣಿಗೆ ಕಾಣದ ಒಂದು ಪೆಟ್ಟಿಗೆಯೊಳಗಿನ ಕೆಲಸ ಕೆಟ್ಟಿತ್ತು, ಅಷ್ಟೆ.

ಹಾಗೆಂದು ಎಲ್ಲವನ್ನೂ ಸಹಿಸಿಕೊಂಡು ಸುಮ್ಮನಿರಬೇಕೆಂದು ನಾನು ಹೇಳುತ್ತಿಲ್ಲ. ದೂರಿನಿಂದಲೇ ಎಷ್ಟೋ ಸುಧಾರಣೆಗಳಾಗಿವೆ. ಮೂರನೆಯ ದರ್ಜೆಯ ಪ್ರಯಾಣಿಕರ ಪಾಡನ್ನು ಕುರಿತು ಮಹಾತ್ಮ ಗಾಂಧಿಯವರು 1917ರಲ್ಲಿಯೇ ಬರೆದರು; ಆ ದರ್ಜೆ ರದ್ದಾದುದು 1974ರಲ್ಲಿ. ಹಲಗೆಯ ಆಸನಗಳ ಮೇಲೆ ಮೆತ್ತೆ ಬಂದುದು ಅದರ ತರುವಾಯ. ನಮ್ಮ ನಾಡಿನವರೇ ಆದ ಸಿ. ಕೆ. ಜಾಫರ್ ಷರೀಫರು ರೈಲ್ವೆ ಸಚಿವರಾಗಿದ್ದಾಗ 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯೋಜನೆ ಆರಂಭವಾಯಿತು. ಅದರಿಂದ ಶಿವಮೊಗ್ಗೆಗೆ ಬ್ರಾಡ್ ಗೇಜ್ ಬಂದಿತು. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಅದು ಮುಂದುವರಿಯಿತು. ಬೀರೂರಿನಲ್ಲಿ ಗಾಡಿ ಬದಲಿಸಲು ಗಂಟುಮೂಟೆ ಹೊತ್ತು ನಡುರಾತ್ರಿ ಓಡುತ್ತಿದ್ದ ಕಷ್ಟ ತಪ್ಪಿತು.

ಇನ್ನೊಂದು ಸುಧಾರಣೆಯನ್ನು ವಿಶೇಷವಾಗಿ ಹೇಳಬೇಕು. ಹಿಂದೆ ಗಾಡಿಯ ಶೌಚಾಲಯದ ಹೊಲಸೆಲ್ಲ ನೇರವಾಗಿ ಹಳಿಯ ಮೇಲೆ ಬೀಳುತ್ತಿತ್ತು. ಅದರಿಂದ ಹಳಿಗೆ ತುಕ್ಕು ಹಿಡಿಯುತ್ತಿತ್ತು; ಅದನ್ನು ತುಳಿದುಕೊಂಡು, ಅದರ ನಡುವೆ ಕೈಯಾಡಿಸಿ ಹಳಿಯನ್ನು ಬಿಗಿ ಮಾಡುತ್ತಿದ್ದವರು ನನ್ನ ನೆರೆಯ ಹಿರಿಯರಂಥವರು. ನಾವು ‘ಶೌಚಾಲಯ ಹೊಲಸು’ ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದೆವೇ ಹೊರತು ಅದು ಎಲ್ಲಿಗೆ ಹೋಗುತ್ತದೆಂದು ಯೋಚಿಸಿದವರು ಕಡಿಮೆ. ಈಗ ಬೋಗಿಗಳಿಗೆ ಜೈವಿಕ ಶೌಚಾಲಯಗಳನ್ನು ಅಳವಡಿಸಲಾಗಿದೆ. ಈ ಉಪಕಾರ ಪ್ರಯಾಣಿಕನಿಗಿಂತ ಹೆಚ್ಚಾಗಿ ಹಳಿಯ ಕೆಲಸಗಾರನಿಗೆ ಸಂದಿತು.

ಕೊರತೆಗಳೂ ಉಳಿದಿವೆ. ಕಾಯ್ದಿರಿಸದ ಬೋಗಿಯಲ್ಲಿ ಹಬ್ಬದ ದಿನ ಕಾಲಿಡಲು ಸ್ಥಳವಿರುವುದಿಲ್ಲ. ಎರಡು ನಿಮಿಷ ನಿಲ್ಲುವ ಕಡೆ ಮೊಣಕಾಲು ನೋವಿನ ವೃದ್ಧೆಯೊಬ್ಬಳು ಇಳಿಯುವುದರೊಳಗೆ ಗಾಡಿ ಹೊರಡುತ್ತದೆ. ಹಿರಿಯ ನಾಗರಿಕರಿಗೆ ಇದ್ದ ದರದ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿದಾಗ ನನ್ನಂಥ ಪಿಂಚಣಿದಾರರಿಗೆ ಬಿಸಿ ತಟ್ಟಿತು. ಇವನ್ನೆಲ್ಲ ಹೇಳಲೇಬೇಕು. 139 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಹೇಳಬಹುದು. ಆದರೆ ಹೇಳುವ ಮುನ್ನ ‘ಇದು ಏಕಾಯಿತು?’ ಎಂದು ಒಮ್ಮೆ ಕೇಳುವ ಸೌಜನ್ಯ ನಮ್ಮಲ್ಲಿರಬೇಕು. ಹಾಗೆ ಕೇಳಿದವನಿಗೆ ಕಾರಣವನ್ನು ತಿಳಿಸುವ ಸೌಜನ್ಯ ಸಿಬ್ಬಂದಿಯಲ್ಲಿಯೂ ಇರಬೇಕು. ಆ ರಾತ್ರಿ ಯಾರಾದರೊಬ್ಬರು ಬೋಗಿಗೆ ಬಂದು ನಡೆದುದನ್ನು ವಿವರಿಸಿದ್ದರೆ ನಾನು ಬಹುಶಃ ಕಿಟಕಿಯಿಂದಲೇ ಕೈಮುಗಿಯುತ್ತಿದ್ದೆ.

ನಮ್ಮ ಪಾಲಿನ ಹೊಣೆ ಇನ್ನೊಂದಿದೆ. ಅನಿಲ್ ಕಾಕೋಡ್ಕರ್ ಅವರ ನೇತೃತ್ವದ ಸಮಿತಿ 2012ರಲ್ಲಿ ಸಲ್ಲಿಸಿದ ವರದಿಯ ಪ್ರಕಾರ ಆಗ ವರ್ಷಕ್ಕೆ ಸುಮಾರು 15,000 ಜನ ಹಳಿಯನ್ನು ಅಕ್ರಮವಾಗಿ ದಾಟುವಾಗ ಸಾಯುತ್ತಿದ್ದರು. ಗಾಡಿಗಳು ಡಿಕ್ಕಿಯಾಗಿ ಸಾಯುವವರ ಸಂಖ್ಯೆ ಅದರ ಮುಂದೆ ಬಹಳ ಸಣ್ಣದು. ಬ್ರಾಡ್ ಗೇಜ್ ಹಳಿಗಳಲ್ಲಿ ಕಾವಲಿಲ್ಲದ ಗೇಟುಗಳನ್ನೆಲ್ಲ 2019ರ ಜನವರಿಯ ವೇಳೆಗೆ ತೆಗೆದುಹಾಕಿದರು. ಆದರೆ ಮುಚ್ಚಿದ ಗೇಟಿನ ಕೆಳಗೆ ಸೈಕಲ್ಲು ಮಲಗಿಸಿ ನುಸುಳುವವನನ್ನು ತಡೆಯುವವರಾರು? ಶಾಲೆಗೆ ತಡವಾಯಿತೆಂದು ಹಾಗೆ ನುಸುಳುತ್ತಿದ್ದ ಹುಡುಗರನ್ನು ನಾನು ಗದರಿಸಿದ್ದೇನೆ. ಗದರಿಸುವಾಗಲೆಲ್ಲ, ಮೂರು ಗಂಟೆಯ ತಡವನ್ನು ಸಹಿಸಲಾರದೆ ಹೋದ ಒಬ್ಬ ತರುಣ ಉಪಾಧ್ಯಾಯನ ನೆನಪಾಗುತ್ತದೆ.

ಹೋದ ಮಳೆಗಾಲದಲ್ಲಿ ಮೊಮ್ಮಗನೊಡನೆ ತಾಳಗುಪ್ಪದ ಗಾಡಿಯಲ್ಲಿ ಹೋಗಿ ಬಂದೆ. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು 2020ರಲ್ಲಿ ‘ಮಾಲ್ಗುಡಿ’ಯ ನೆನಪಿಗಾಗಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ, ಶಂಕರ್‌ನಾಗ್ ಅವರು ತಮ್ಮ ಧಾರಾವಾಹಿಯನ್ನು ಅಲ್ಲಿ ಚಿತ್ರಿಸಿದ್ದರಷ್ಟೆ. ಮೊಮ್ಮಗ ಅದನ್ನು ನೋಡಲು ಒಂದು ಕಡೆಯ ಕಿಟಕಿಗೆ ಓಡಿದ. ನಾನು ಇನ್ನೊಂದು ಕಡೆಗೆ ನೋಡುತ್ತ ಕುಳಿತೆ. ಅರಸಾಳು ದಾಟಿದ ಮೇಲೆ ಕಾಡಿನ ಅಂಚಿನಲ್ಲಿ, ಮಳೆಯಂಗಿ ತೊಟ್ಟ ಇಬ್ಬರು ಕೆಲಸಗಾರರು ಹಳಿಯಿಂದ ಸರಿದು ನಿಂತು ನಮ್ಮ ಗಾಡಿಗೆ ದಾರಿ ಬಿಟ್ಟಿದ್ದರು. ನಾನು ಕೈಮುಗಿದೆ. ಅವರಲ್ಲೊಬ್ಬ ಏನೆಂದು ತಿಳಿಯದೆ ನಕ್ಕು ಕೈಯೆತ್ತಿದ.

ತಾವು ಮುಂದಿನ ಸಲ ಗಾಡಿಯಲ್ಲಿ ಕುಳಿತಾಗ, ಅದು ನಿಲ್ಲಬಾರದ ಕಡೆ ನಿಂತರೆ, ಕಿಟಕಿಯಿಂದ ಬೈಯುವ ಮೊದಲು ಒಂದು ಗಳಿಗೆ ಹೊರಗಿನ ಕತ್ತಲೆಯನ್ನು ನೋಡಿರಿ. ಅಲ್ಲಿ ಯಾರೋ ಕಂದೀಲು ಹಿಡಿದು ನಮಗಾಗಿ ಓಡಿರಬಹುದು. ಇಷ್ಟೇ ನನ್ನ ಬಿನ್ನಹ.